ಸಾಂಬಾರಿನ ಹಂಡೆಗೆ ಸ್ಕೇಲು ಇಳಿಬಿಟ್ಟ ತಿಮ್ಮಣ್ಣ

ಶಹಾಪುರದ ಹೊಸ ಬಡಾವಣೆಯ ಸರ್ಕಾರಿ ಹೈಸ್ಕೂಲಿಗೆ ಜವಾನನಾಗಿ ಬರುವ ಮೊದಲು ತಿಮ್ಮಣ್ಣ ಮೂವತ್ತು ವರ್ಷ ಕಾಲುವೆಯ ಗೇಟು ಎತ್ತಿದವನು, ಇಳಿಸಿದವನು. ಗೇಟುಗಳಿಗೆ ಮೋಟಾರು ಕೂತ ಮೇಲೆ ಅವನನ್ನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಗೋದಾಮು ಕಾಯಲು ಹಾಕಿದರು. ಒಳಗೆ ತುಕ್ಕು ಹಿಡಿದ ಗೇಟುಗಳು, ಹೊರಗೆ ಅವನು. ಮಾತಾಡಲು ಇದ್ದದ್ದು ಒಂದೇ ಬೆಕ್ಕು. ಅದೂ ಅವನ ಕಾಲುವೆ ಕಥೆ ಕೇಳಿ ಕೇಳಿ ಬೇಸತ್ತು ಪಕ್ಕದ ಕಾಲೇಜಿನ ಹಾಸ್ಟೆಲ್ಲಿಗೆ ಹೋಗಿ ಸೇರಿಕೊಂಡಿತು.

ಹಾಗಾಗಿ ಶಾಲೆಗೆ ಬಂದ ದಿನ ಏಳುನೂರು ಮಕ್ಕಳ ಗದ್ದಲ ಕಿವಿಗೆ ಬಿದ್ದಾಗ ತಿಮ್ಮಣ್ಣ ಕಣ್ಣು ಮುಚ್ಚಿ ನಿಂತುಬಿಟ್ಟ. ಒಣಗಿದ ಕಾಲುವೆಗೆ ಹೊಸ ನೀರು ನುಗ್ಗಿದ ಹಾಗಿತ್ತು.

ಆ ಶಾಲೆ ಕಟ್ಟಿದಾಗ ಸುತ್ತ ಹತ್ತಿ ಹೊಲ, ಮಕ್ಕಳು ನೂರೈವತ್ತು. ಈಗ ಹೊಲವೆಲ್ಲ ಪ್ಲಾಟು, ಪ್ಲಾಟೆಲ್ಲ ಮನೆ. ಮಕ್ಕಳು ಉಕ್ಕಿದರು, ಬಿಸಿಯೂಟದ ಹಂಡೆ ಮಾತ್ರ ಉಕ್ಕಲಿಲ್ಲ. ಅಡುಗೆಮನೆಯ ಪಕ್ಕದಲ್ಲೇ ಇದ್ದ ಹತ್ತನೇ ತರಗತಿ ಮೊದಲು ಬಂದು ಎರಡೆರಡು ಸಲ ಸಾಂಬಾರು ಹಾಕಿಸಿಕೊಳ್ಳುತ್ತಿತ್ತು. ಮೂಲೆಯ ಎಂಟನೇ ‘ಸಿ’ ಬರುವಷ್ಟರಲ್ಲಿ ಹಂಡೆಯ ತಳದಲ್ಲಿ ಸೌಟಿನ ಸದ್ದಷ್ಟೇ ಉಳಿದಿರುತ್ತಿತ್ತು.

ಬರಿ ಅನ್ನದ ತಟ್ಟೆ ಹಿಡಿದು ನಿಂತ ಆ ಮಕ್ಕಳನ್ನು ತಿಮ್ಮಣ್ಣ ತಲೆ ಎಣಿಸಿ ನೋಡಿದ.

“ಇವು ಕಾಲುವಿ ಕಡೀಭಾಗದ ಹೊಲ ಇದ್ದಂಗ ಅದಾವ” ಎಂದ. “ನಾಳಿಂದ ಕಡೀ ಹೊಲಕ್ಕ ಮೊದಲ ನೀರು!”

ಮರುದಿನ ಎಂಟನೇ ‘ಸಿ’ಯನ್ನು ಮುಂದೆ ತಂದ, ಹತ್ತನೆಯವರನ್ನು ಹಿಂದೆ ತಳ್ಳಿದ. ಗಣಿತದ ಮಾಸ್ತರರ ಉದ್ದನೆಯ ಮರದ ಸ್ಕೇಲನ್ನು ತೊಳೆದು ಹಂಡೆಯಲ್ಲಿ ಇಳಿಬಿಟ್ಟ. ಗಂಟೆಗಂಟೆಗೆ ನೋಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ‘ಒಳಹರಿವು ಇಲ್ಲ. ಮಟ್ಟ ಒಂದೂಮುಕ್ಕಾಲು ಅಡಿ.’

ಅಡುಗೆಯ ಅಮೃತಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಯಣ್ಣಾ, ಇದು ಬ್ಯಾಳಿ ಸಾಂಬಾರೈತಿ, ಡ್ಯಾಮ್ ಅಲ್ಲ. ಮ್ಯಾಲಿನ ಆಫೀಸಿಗೂ ಫೋನ್ ಹಚ್ಚಿ ಹೇಳ್ತಿಯೇನು?”

“ಹೇಳಬೇಕಾಗತೈತಿ. ನಿನ್ನ ಸಾಂಬಾರದಾಗ ಹೂಳು ಭಾಳ ಐತಿ.”

“ಅದು ಹೂಳಲ್ಲೋ, ಬ್ಯಾಳಿ!”

ಗಣಿತದ ಮಾಸ್ತರರು ಆ ಸ್ಕೇಲಿನಿಂದ ತ್ರಿಕೋನ ಎಳೆದರೆ ಮೂರೂ ಮೂಲೆಯಲ್ಲಿ ಇಂಗಿನ ವಾಸನೆ. ಮುಂದಿನ ಬೆಂಚಿನವರಿಗೆ ಹತ್ತು ಗಂಟೆಗೇ ಹಸಿವು.

ಹತ್ತನೇ ‘ಎ’ಯ ಅಯ್ಯಮ್ಮ ಮಾತ್ರ ಸಿಟ್ಟಿನಿಂದ ಉರಿದಳು. ಅವಳ ಅಪ್ಪ ಅಂಬ್ರಪ್ಪನ ಹೊಲ ತಿಮ್ಮಣ್ಣ ಗೇಟು ಎತ್ತುತ್ತಿದ್ದ ಕಾಲುವೆಯ ಬಾಯಲ್ಲೇ ಇತ್ತು.

“ಕಾಕಾ, ಅಲ್ಲಿ ನಮ್ಮಪ್ಪನ ಹೊಲಕ್ಕೂ ಹಿಂಗಽ ಮಾಡ್ತಿದ್ರಿ. ಈಗ ನನ್ನ ತಾಟಿಗೂ ಬಂದ್ರೇನು?”

ಮನೆಗೆ ಹೋಗಿ ದೂರು ಹೇಳಿದಳು. ಅಂಬ್ರಪ್ಪ ಶುಕ್ರವಾರ ಶಾಲೆಗೆ ಬಂದು ನೋಡಿಕೊಳ್ಳುತ್ತೇನೆಂದು ಹೇಳಿ ಕಳಿಸಿದ. ಮುಖ್ಯೋಪಾಧ್ಯಾಯಿನಿ ಮಮ್ತಾಜ ಮೇಡಂ ತಿಮ್ಮಣ್ಣನನ್ನು ಕರೆದು ಒಂದು ಪತ್ರ ತೋರಿಸಿದರು.

“ನೋಡ್ರಿ ತಿಮ್ಮಣ್ಣ, ಶುಕ್ರವಾರ ಗಲಾಟಿ ಆತಂದ್ರ ಇದಕ್ಕ ಸಹಿ ಮಾಡ್ತೀನಿ. ನೀವು ವಾಪಸ್ ಗೋದಾಮಿಗೆ.”

ಗೋದಾಮಿನಲ್ಲಿ ಈಗ ಬೆಕ್ಕೂ ಇರಲಿಲ್ಲ.

ಗುರುವಾರ ಹನ್ನೆರಡೂವರೆಗೆ ಸ್ಕೇಲು ಇಳಿಬಿಟ್ಟರೆ ಮಟ್ಟ ಮೂರು ಬೆರಳು ಕೆಳಗೆ! ಊಟದ ಗಂಟೆ ಇನ್ನೂ ಹೊಡೆದಿರಲಿಲ್ಲ. ಬೇಸಿಗೆಯಲ್ಲಿ ಕಾಲುವೆಗೆ ಕಳ್ಳ ಪೈಪು ಬಿದ್ದಾಗ ಆಗುತ್ತಿದ್ದದ್ದೂ ಹೀಗೇ. ತಿಮ್ಮಣ್ಣ ಹಂಡೆಯನ್ನು ಸುತ್ತು ಹಾಕಿದ. ಕಿಟಕಿಯಿಂದ ಹಸಿರು ಪೈಪೊಂದು ಒಳಗೆ ಇಳಿದಿತ್ತು. ಹಿತ್ತಲಿಗೆ ಹೋಗಿ ನೋಡಿದರೆ ಪಕ್ಕದಲ್ಲಿ ಅರ್ಧ ತುಂಬಿದ ಬಕೆಟ್ಟು, ಪೈಪಿನ ತುದಿ ಅಯ್ಯಮ್ಮನ ಬಾಯಲ್ಲಿ. ಕಣ್ಣು ಗುಡ್ಡೆ ಹೊರಗೆ ಬರುವ ಹಾಗೆ ಹೀರುತ್ತಿದ್ದಾಳೆ, ಸಾಂಬಾರು ಮಾತ್ರ ಈಗ ಬರುತ್ತಿಲ್ಲ.

“ಏನವ್ವಾ, ನುಗ್ಗಿಕಾಯಿ ಸಿಕ್ಕೊಂಡಿತೇನು?”

ಅಯ್ಯಮ್ಮ ಪೈಪು ಬಿಟ್ಟಳು. ಸಿಕ್ಕಿಕೊಂಡಿದ್ದ ನುಗ್ಗೆಕಾಯಿ ಆಗಲೇ ಪಟಕ್ಕನೆ ಹಾರಿ ಅವಳ ರಿಬ್ಬನ್ನಿನಲ್ಲಿ ಕೂತಿತು.

“ಕಾಕಾ, ಮೇಡಮ್ಮರಿಗೆ ಹೇಳಬ್ಯಾಡ್ರಿ!”

ಹೇಳಿದ್ದರೆ ಅಂಬ್ರಪ್ಪನ ಬಾಯಿ ಮುಚ್ಚುತ್ತಿತ್ತು, ತಿಮ್ಮಣ್ಣನೂ ಉಳಿಯುತ್ತಿದ್ದ. ಆದರೆ ಮೂವತ್ತು ವರ್ಷದಲ್ಲಿ ಅವನು ಪೈಪು ಹಾಕಿದವನನ್ನು ಮೇಲಿನವರಿಗೆ ಹಿಡಿದುಕೊಟ್ಟವನಲ್ಲ; ಅವನನ್ನೇ ಕಾವಲಿಗೆ ಕೂರಿಸುತ್ತಿದ್ದ. ಎಲ್ಲೆಲ್ಲಿ ಕಳವಾಗುತ್ತದೆಂದು ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

“ನಾಳಿಂದ ಸೌಟು ನಿನ್ನ ಕೈಯಾಗ” ಎಂದ. “ನೀಡೋರು ಕಡೀಗೆ ಉಣ್ಣಬೇಕು. ಅಷ್ಟಽ ಕಾಯ್ದೆ.”

ಶುಕ್ರವಾರ ಅಂಬ್ರಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದ. ಮೇಡಂ ಪತ್ರ ಹಿಡಿದೇ ಹೊರಗೆ ಬಂದರು. ತಿಮ್ಮಣ್ಣ ಸ್ಕೇಲನ್ನು ಎದೆಗೆ ಒತ್ತಿಕೊಂಡು ನಿಂತ, ಅಂಗಿಗೆಲ್ಲ ಸಾಂಬಾರು.

“ಎಲ್ಲಿದ್ದಾನ ಆ ಗೇಟಿನಂವ? ನನ್ನ ಮಗಳಿಗೆ...”

“ಏ ಗ್ಯಾನಪ್ಪ, ಎರಡನೇ ಸಲ ಬಂದಿ! ಹಿಂದಕ್ಕ ಸರಿ!” ಯಾರೋ ಗುಡುಗಿದರು. ಅಂಬ್ರಪ್ಪ ತಿರುಗಿ ನೋಡಿದರೆ ಅವನ ಮಗಳೇ. ಸೌಟು ಬೀಸಿ ಹತ್ತನೆಯವರನ್ನು ಅಟ್ಟುತ್ತಿದ್ದಾಳೆ, ಎಂಟನೇ ‘ಸಿ’ಗೆ ಅಳೆದು ನೀಡುತ್ತಿದ್ದಾಳೆ.

“ಯವ್ವಾ, ನಿನಗ ಅನ್ಯಾಯ ಆಗೇತಂತ ಬಂದೇನಿ...”

“ಅಪ್ಪಾ, ಸಾಲು ಕೆಡಸಬ್ಯಾಡ. ಉಣ್ಣೋದಿದ್ರ ಕಡೀಗೆ ನಿಲ್ಲು.”

ಮಕ್ಕಳು ಹೋ ಎಂದರು. ಅಂಬ್ರಪ್ಪ ಒಂದು ಕ್ಷಣ ಮೀಸೆ ತಡವಿದ. ಒಗ್ಗರಣೆಯ ಘಮ ಮೂಗಿಗೆ ಬಡಿಯಿತು. ನಾಲ್ಕು ಮಂದಿಯನ್ನೂ ಕರೆದುಕೊಂಡು ಹೋಗಿ ಸಾಲಿನ ತುದಿಯಲ್ಲಿ ನಿಂತ, ಜೀವಮಾನದಲ್ಲಿ ಮೊದಲ ಸಲ.

ಎಲ್ಲರಿಗೂ ಸಾಂಬಾರು ಸಿಕ್ಕಿತು. ತಿಂದು ಮುಗಿಸಿ ಅಂಬ್ರಪ್ಪ, “ಉಪ್ಪು ಸ್ವಲ್ಪ ಕಡಿಮಿ ಆಗೇತಿ” ಎಂದ. ಆ ಮಾತಿಗೆ ಎದ್ದದ್ದಷ್ಟೇ ಅಂದು ಶಾಲೆಯಲ್ಲಿ ಆದ ಗಲಾಟೆ. ಅದನ್ನು ಮಾಡಿದವಳು ಅಮೃತಮ್ಮ.

ಮೇಡಂ ಹಂಡೆಯ ಹತ್ತಿರ ಬಂದರು. “ಏನಾರ ಉಳದೈತೇನ್ರಿ?”

ತಿಮ್ಮಣ್ಣ ಸ್ಕೇಲು ಇಳಿಬಿಟ್ಟ. “ಎರಡು ಬೆರಳು ಐತ್ರಿ ಮೇಡಂ.”

“ಹಂಗಾದ್ರ ನನಗೂ ಹಾಕ್ರಿ.”

“ಕಡೀಗೆ ನಿಲ್ರಿ ಮೇಡಂ” ಎಂದಳು ಅಯ್ಯಮ್ಮ, ಸೌಟು ಎತ್ತದೆ.

ಮೇಡಂ ತಟ್ಟೆ ಹಿಡಿದು ಹೋಗಿ, ಇನ್ನೂ ಉಣ್ಣದೆ ಸಾಲಿನಲ್ಲಿ ನಿಂತ ತಿಮ್ಮಣ್ಣನ ಹಿಂದೆ ನಿಂತರು. ಸರದಿ ಬಂದು ಸಾಂಬಾರು ಬಿದ್ದಾಗ ತಟ್ಟೆ ಸುಡುತ್ತಿತ್ತು. ಕೈಯಲ್ಲಿದ್ದ ಪತ್ರವನ್ನು ನಾಲ್ಕಾಗಿ ಮಡಚಿ ತಟ್ಟೆಯ ಕೆಳಗೆ ಹಿಡಿದುಕೊಂಡರು.