ಟೀಚರ್ ಗಾಡಿಯ ಬಿಸಿಗಾಳಿ

ಮೊನ್ನೆ ನಮ್ಮತ್ತೆಯ ಕೋಣೆಗೆಂದು ತಂದ ಹೀಟರನ್ನು ಮೊದಲ ಸಲ ಹಾಕಿದಾಗ ಒಂದು ವಾಸನೆ ಬಂತು. ಕಾದ ತಗಡಿನ ಮೇಲೆ ಸಣ್ಣ ಧೂಳು ಸುಡುವ ವಾಸನೆ. "ಏನೋ ಸುಟ್ಟಂಗಾಗ್ತೈತೆ, ಆರಿಸೇ!" ಎಂದು ಅತ್ತೆ ಗಾಬರಿಯಾದರು. ನಾನು ಮಾತ್ರ ಆ ವಾಸನೆಯನ್ನು ಇನ್ನೊಮ್ಮೆ ಮೂಗು ತುಂಬ ಎಳೆದುಕೊಂಡೆ. ಎದುರು ಮನೆಯ ಟೀಚರ್ ಕಣ್ಣಮುಂದೆ ಬಂದು ನಿಂತಿದ್ದರು...

ನಾವಿಬ್ಬರೂ ಬಾಗೂರಿನ ಹೈಸ್ಕೂಲಿನಲ್ಲಿದ್ದೆವು. ಅವರು ವಿಜ್ಞಾನ, ನಾನು ಕನ್ನಡ. ಹೊಸದುರ್ಗದಿಂದ ದಿನಾ ಅವರ ಹಳೇ ಜೀಪಿನಲ್ಲೇ ಹೋಗಿಬರುತ್ತಿದ್ದೆವು. ಅವರಿಗೆ ಮದುವೆಯಾಗಿರಲಿಲ್ಲ, ಅದರ ಬಗ್ಗೆ ಅವರಾಗಲಿ ನಾನಾಗಲಿ ಮಾತೆತ್ತಿದ್ದೂ ಇಲ್ಲ. ಅವರು ನಿವೃತ್ತರಾದ ಮೂರನೇ ತಿಂಗಳಿಗೆ ಒಂದು ಬೆಳಗ್ಗೆ ಬೀದಿಯೆಲ್ಲ ಗದ್ದಲ. ನೋಡಿದರೆ ಜೀಪಿನ ಹಿಂದೆ ಒಂದು ಬಿಳಿ ಪುಟ್ಟ ಮನೆ! ಎರಡು ಚಕ್ರ, ಕಿಟಕಿ, ಬಾಗಿಲು, ಒಳಗೆ ಮಂಚ, ಒಲೆ. ಯಾವುದೋ ವಿದೇಶಿ ದಂಪತಿ ಬಿಟ್ಟುಹೋದ ಕ್ಯಾರವಾನಂತೆ, ಚಿತ್ರದುರ್ಗದ ಹೆದ್ದಾರಿ ಬದಿಯ ಗುಜರಿಯಲ್ಲಿ ಸಿಕ್ಕಿತಂತೆ. ಅಂದಿನಿಂದ ಬೀದಿಯವರ ಬಾಯಲ್ಲಿ ಅದು "ಟೀಚರ್ ಗಾಡಿ" ಆಯಿತು.

ಗಾಡಿಯ ಒಳಗಿದ್ದ ಎಲ್ಲಕ್ಕಿಂತ ಅವರಿಗೆ ಹುಚ್ಚು ಹಿಡಿಸಿದ್ದು ಮಂಚದ ಕೆಳಗಿನ ಹೀಟರು. ಗ್ಯಾಸಿನಿಂದಲೂ ನಡೆಯುತ್ತದೆ, ಕರೆಂಟಿನಿಂದಲೂ ನಡೆಯುತ್ತದೆ! ನಮ್ಮ ಊರಿನ ಬಿಸಿಲಿಗೆ ಅದೇಕೆಂದು ಎಲ್ಲರೂ ನಕ್ಕರು. ಅವರು ಕೇಳಿಸಿಕೊಳ್ಳಲಿಲ್ಲ. ನಾಲ್ಕು ತಿಂಗಳು ಅದನ್ನು ಬಿಚ್ಚಿ, ತೊಳೆದು, ಪೈಪು ಬದಲಿಸಿ, ಗ್ಯಾಸ್ ಮೆಕ್ಯಾನಿಕ್ಕನ್ನು ಕರೆಸಿ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ನನಗೆ ಗ್ಯಾಸೆಂದರೆ ಹೆದರಿಕೆ. ಹಚ್ಚುವ ದಿನ ಗೇಟಿನ ಆಚೆಯೇ ನಿಂತಿದ್ದೆ. ಟಿಕ್, ಟಿಕ್, ಟಿಕ್... ಆಮೇಲೆ ಒಳಗಿನಿಂದ ಒಂದು ಕೂಗು:

"ಹತ್ತಿತು ಕಣೇ! ಬಾರೇ, ಬಾ! ನೀಲಿ ಅಂದ್ರೆ ನೀಲಿ!"

ಓಡಿಹೋಗಿ ಬಗ್ಗಿ ನೋಡಿದೆ. ಹೀಟರಿನ ಬೆರಳಗಲದ ಗಾಜಿನ ಹಿಂದೆ ನೀಲಿ ಜ್ವಾಲೆ ಅಲುಗದೆ ನಿಂತಿತ್ತು. ಬಿಸಿಗಾಳಿ ನಮ್ಮ ಕಾಲಿಗೆ ಬಡಿಯಿತು, ಧೂಳು ಸುಡುವ ಆ ವಾಸನೆಯೂ ಬಂತು. ಬಿರುಬೇಸಿಗೆ, ಇಬ್ಬರಿಗೂ ಧಾರಾಕಾರ ಬೆವರು, ಇಬ್ಬರೂ ಚಪ್ಪಾಳೆ ತಟ್ಟುತ್ತಿದ್ದೆವು.

ಆ ವರ್ಷ ಡಿಸೆಂಬರಿನಲ್ಲಿ ಸಮುದ್ರದ ಕಡೆ ಚಂಡಮಾರುತ ಎದ್ದು, ನಮ್ಮ ಕಡೆ ಮೂರು ದಿನ ಬಿಡದೆ ಜಡಿ ಹಿಡಿಯಿತು. ಹಗಲೂ ಸ್ವೆಟರು ಬಿಚ್ಚಲಾಗದ ಥಂಡಿ. ಶಾಲೆಗೆ ರಜೆ ಕೊಟ್ಟಿದ್ದರು. ಬೆಳಗ್ಗೆ ಟೀಚರಿಗೆ ಫೋನು ಬಂತು. ಮಾಡಿದ್ದು ಹಿರೇಗುಂಟನೂರಿನ ಹತ್ತಿರ ಚಾಕಿ ಕೇಂದ್ರ ನಡೆಸುತ್ತಿದ್ದ ಅವರ ಹಳೇ ವಿದ್ಯಾರ್ಥಿನಿ. ಮೊಟ್ಟೆಯೊಡೆದ ರೇಷ್ಮೆ ಮರಿಗಳನ್ನು ಎರಡು ಜ್ವರ ಮುಗಿಯುವವರೆಗೆ ಸಾಕಿ ರೈತರಿಗೆ ಕೊಡುವ ಕೆಲಸ ಅವಳದು. ಜ್ವರವೆಂದರೆ ಹುಳು ಮೇವು ಬಿಟ್ಟು ನಿದ್ದೆ ಹೋಗಿ ಪೊರೆ ಕಳಚುವ ಹೊತ್ತು. ಅದಕ್ಕೆ ಬೆಚ್ಚಗಿನ ಮನೆ ಬೇಕು. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಅವಳ ಹೀಟರುಗಳೆಲ್ಲ ತಣ್ಣಗಾಗಿದ್ದವು. ಹುಳುಗಳು ಎಲೆ ಮುಟ್ಟುತ್ತಿರಲಿಲ್ಲ. ಅದು ಅವಳು ಸ್ವಂತವಾಗಿ ಶುರುಮಾಡಿದ ಮೊದಲ ಬ್ಯಾಚು. ಅದು ಕೆಟ್ಟರೆ ಇನ್ನು ಯಾವ ರೈತನೂ ಅವಳ ಬಾಗಿಲಿಗೆ ಬರುತ್ತಿರಲಿಲ್ಲ.

ಟೀಚರ್ ಫೋನಿಡುವುದಕ್ಕೂ ಮುಂಚೆ ಚಪ್ಪಲಿ ಮೆಟ್ಟಿದ್ದರು. "ಹೋಗಾಣ ನಡಿ. ನಮ್ ಹೀಟರಿಗೆ ಕೆಲಸ ಬಂತು!"

ಮಳೆಯಲ್ಲಿ ಜೀಪು ಓಡಿಸಿದ ಅವರ ಮುಖ ನನಗೆ ಇನ್ನೂ ನೆನಪಿದೆ. ಹೊಳಲ್ಕೆರೆ ದಾಟುವವರೆಗೂ ಒಬ್ಬರೇ ಲೆಕ್ಕ ಹಾಕುತ್ತಿದ್ದರು, ಗಾಡಿಯಲ್ಲಿ ಹುಳುವಿನ ತಟ್ಟೆ ಎಷ್ಟು ಹಿಡಿಯುತ್ತವೆ, ಮಂಚ ಬಿಚ್ಚಬೇಕೋ ಬೇಡವೋ ಎಂದು. ಹಿಂದೆ ಗಾಡಿ ಗುಂಡಿಗೊಮ್ಮೆ ನೆಗೆಯುತ್ತಿತ್ತು. ನಾನು ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಆದರೂ ನಗು ತಡೆಯಲು ಆಗುತ್ತಿರಲಿಲ್ಲ.

ವಿದ್ಯಾರ್ಥಿನಿ ಬಾಗಿಲಲ್ಲೇ ನಿಂತಿದ್ದಳು. ಗಾಡಿ ನೋಡಿ ಅವಳ ಮುಖ ಅರಳಿತು, ಸಿಲಿಂಡರ್ ನೋಡಿ ಬಾಡಿತು.

"ಬ್ಯಾಡ ಮಿಸ್. ಗ್ಯಾಸಿನ ಹೊಗೆಗೆ ಹುಳ ಒಂದೂ ಉಳಿಯಲ್ಲ."

"ಹೊಗೆ ಒಳಗೆ ಬಂದ್ರೆ ತಾನೆ? ನೆಲದ ಕೆಳಗಿಂದ ಗಾಳಿ ತಗಂತೈತೆ, ಮುಚ್ಚಿದ ಪೆಟ್ಟಿಗೆಯಲ್ಲಿ ಉರಿತೈತೆ, ಹೊಗೆ ಪೈಪಿನಾಗೆ ಆಚೆ ಹೋಗ್ತೈತೆ. ನಮಗೆ ಬರೋದು ಬರೀ ಬಿಸಿಗಾಳಿ. ನಂಬಬ್ಯಾಡ. ಒಂದು ತಟ್ಟೆ ಕೊಡು, ನೋಡಾಣ."

ಒಂದೇ ತಟ್ಟೆಯನ್ನು ಒಳಗಿಟ್ಟುಕೊಂಡು ಟೀಚರ್ ಅದರ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. ಜೊತೆಗೆ ಒಂದು ಥರ್ಮಾಮೀಟರ್, ಗಾಳಿ ಒಣಗದ ಹಾಗೆ ಒದ್ದೆ ಗೋಣಿ. ನಾವಿಬ್ಬರೂ ಕಿಟಕಿಯಿಂದ ಇಣುಕುತ್ತಿದ್ದೆವು. ಮುಕ್ಕಾಲು ಗಂಟೆಯ ಮೇಲೆ ವಿದ್ಯಾರ್ಥಿನಿ ಒಳಗೆ ಹೋಗಿ ಬಗ್ಗಿ ನೋಡಿದಳು. ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಎಲೆಯ ತುಂಬ ಸೂಜಿಮೊನೆಯಷ್ಟು ತೂತುಗಳು!

"ತಿಂತಾ ಅವೆ ಮಿಸ್! ತಿಂತಾ ಅವೆ!"

ಆಮೇಲಿನ ಓಡಾಟ ಹೇಳತೀರದು. ನಲವತ್ತು ತಟ್ಟೆಗಳನ್ನು ಸೆರಗು, ಟವೆಲ್ಲು, ಕೊಡೆ ಮುಚ್ಚಿ ಸಾಗಿಸಿದೆವು. ಮಂಚ ಬಿಚ್ಚಿ ಮಳೆಯಲ್ಲಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಗಾಡಿಯ ತುಂಬ ತಟ್ಟೆ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಟೀಚರ್ ಗಳಿಗೆಗೊಮ್ಮೆ ಥರ್ಮಾಮೀಟರ್ ನೋಡಿ "ಇಪ್ಪತ್ತಾರು!", "ಇಪ್ಪತ್ತೇಳು!" ಎಂದು ಕ್ರಿಕೆಟ್ ಸ್ಕೋರಿನಂತೆ ಕೂಗಿ ಹೇಳುತ್ತಿದ್ದರು.

ತಪ್ಪು ಮಾಡಿದ್ದು ನಾನು.

ಛಾವಣಿಯ ಗಾಜಿನ ಸಂದಿನಿಂದ ಎರಡು ತಟ್ಟೆಗಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವರಿಬ್ಬರೂ ಎಲೆ ತರಲು ಹೋದಾಗ, ಒಂದು ಉಪಕಾರ ಮಾಡೋಣವೆಂದು, ಅಲ್ಲೇ ಬಿದ್ದಿದ್ದ ದೊಡ್ಡ ಟಾರ್ಪಾಲನ್ನು ಏಣಿ ಹತ್ತಿ ಗಾಡಿಯ ಮೇಲೆ ಹೊದಿಸಿ ನಾಲ್ಕೂ ಮೂಲೆ ಬಿಗಿದೆ. ತೊಟ್ಟಿಕ್ಕುವುದು ನಿಂತಿತು. ಹೆಮ್ಮೆಯಿಂದ ಒಳಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ತಲೆ ಭಾರವಾದಂತೆ, ಕಣ್ಣು ಎಳೆದಂತೆ ಆಯಿತು. ಬೆಚ್ಚಗಿದೆಯಲ್ಲ, ಅದಕ್ಕೇ ನಿದ್ದೆ ಎಂದುಕೊಂಡೆ...

ಬಾಗಿಲು ದಡಾರನೆ ತೆರೆಯಿತು. ಟೀಚರ್ ಮೊದಲು ಹೀಟರಿನ ಗಾಜು ನೋಡಿದರು. ಜ್ವಾಲೆ ಹಳದಿಯಾಗಿ ತೊನೆಯುತ್ತಿತ್ತು. "ಆಚೆಗೆ ಬಾರೇ!" ಎಂದು ಚೀರಿ, ನನ್ನ ರಟ್ಟೆ ಹಿಡಿದು ಮಳೆಗೆ ಎಳೆದು, ಗ್ಯಾಸು ಮುಚ್ಚಿದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. ಹೊಗೆಯ ಪೈಪಿನ ಬಾಯಿ ಛಾವಣಿಯ ಮೇಲಿತ್ತು. ನಾನು ಅದನ್ನೇ ಮುಚ್ಚಿಬಿಟ್ಟಿದ್ದೆ. ಟಾರ್ಪಾಲಿನಡಿ ಸಿಕ್ಕಿಕೊಂಡ ಹೊಗೆ, ನೀರು ತೊಟ್ಟಿಕ್ಕುತ್ತಿದ್ದ ಸಂದಿನಿಂದಲೇ ಒಳಗೆ ಇಳಿದಿತ್ತು.

ಟಾರ್ಪಾಲು ಕಿತ್ತು, ಬಾಗಿಲು ಕಿಟಕಿ ಬಯಲು ಮಾಡಿ, ತಟ್ಟೆಗಳನ್ನು ಮತ್ತೆ ತಣ್ಣನೆಯ ಮನೆಗೆ ಸಾಗಿಸಿದೆವು. ಹುಳುಗಳು ತಲೆಯೆತ್ತಿ ಅಲುಗದೆ ನಿಂತಿದ್ದವು. ವಿದ್ಯಾರ್ಥಿನಿ ಅಳುತ್ತಾ, "ಯಾರು ಮುಚ್ಚಿದ್ದು ಮಿಸ್ ಅದನ್ನ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಹೇಳಿದರು: "ತಪ್ಪು ನಂದು. ಪೈಪು ಎಲ್ಲೈತೆ ಅಂತ ಇವಳಿಗೆ ನಾನು ಹೇಳೇ ಇರಲಿಲ್ಲ. ಪಾಠ ಅರ್ಧ ಮಾಡಿದ್ದೆ. ಹ್ಞೂಂ, ತಟ್ಟೆ ಹಿಡೀರಿ."

ಗಾಡಿಯೊಳಗೆ ಗಾಳಿಯಾಡಿದ ಮೇಲೆ ಮತ್ತೆ ಹಚ್ಚಿದರು. ನೀಲಿ. ಮತ್ತೆ ನಲವತ್ತು ತಟ್ಟೆ. ಸಂಜೆ ಹೊಸ ಎಲೆ ಹಾಕಿ ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ತಟ್ಟೆಯ ಉದ್ದಕ್ಕೂ ಹುಳುಗಳು ಎಲೆಯ ಕಡೆ ಹರಿದವು. ಟೀಚರ್ ಆ ಇಕ್ಕಟ್ಟಿನಲ್ಲೇ ನಮ್ಮಿಬ್ಬರನ್ನೂ ತಬ್ಬಿಕೊಂಡರು.

ಮರುದಿನ ಮಧ್ಯಾಹ್ನ ಕರೆಂಟು ಬಂತು. ಟೀಚರ್ ಉದ್ದ ವೈರು ಎಳೆದು, ಗ್ಯಾಸು ಆರಿಸಿ, ಗುಂಡಿಯನ್ನು ಕರೆಂಟಿನ ಕಡೆ ತಿರುಗಿಸಿ, "ನೋಡ್ರಿ, ಎರಡನೇ ವಿದ್ಯೆ!" ಎಂದರು. ಹುಳುಗಳೆಲ್ಲ ಒಟ್ಟಿಗೆ ಎರಡನೇ ಜ್ವರಕ್ಕೆ ಕೂತು ಒಟ್ಟಿಗೇ ಎದ್ದವಂತೆ. ತಾಳ್ಯದ ಕಡೆಯ ರೈತರು ಬಂದು ಒಂದು ತಟ್ಟೆಯನ್ನೂ ಬಿಡದೆ ಒಯ್ದರಂತೆ.

ಆಮೇಲೆ ನಾವು ಎಷ್ಟು ಊರು ಸುತ್ತಿದೆವು... ಮಾರಿಕಣಿವೆಯ ಹಿನ್ನೀರಿನ ಬದಿ, ಗಾಳಿಯಂತ್ರಗಳ ಗುಡ್ಡದ ಬುಡ. ಪ್ರತಿ ಸಲವೂ ಹೀಟರು ಹಚ್ಚುವುದು ನಾನೇ ಆಗಬೇಕು, ಅದು ಅವರ ಹಟ. ಹಿಮ ಬೀಳುವ ಊರಿಗೊಮ್ಮೆ ಹೋಗಿ ಅದಕ್ಕೆ ನಿಜವಾದ ಚಳಿ ತೋರಿಸೋಣ ಎನ್ನುತ್ತಿದ್ದರು. ಹೋಗಲಾಗಲಿಲ್ಲ. ಹೋದ ಮಳೆಗಾಲ, ಸಂಜೆ ಕಾಫಿ ಕುಡಿಯುತ್ತಾ ಕೂತಿದ್ದವರು ಹಾಗೇ ಒರಗಿಬಿಟ್ಟರು.

ಅವರ ತಮ್ಮನ ಮಗಳು ಗಾಡಿಯನ್ನು ದೂರದ ಊರಿನ ಯಾರಿಗೋ ಮಾರಿದಳು. ಒಯ್ಯಲು ಬಂದವರು ಹೀಟರಿನ ವಿಷಯ ಕೇಳಿದರು. ಒಂದು ಗಂಟೆ ಹೇಳಿದೆ. ಸೋಪಿನ ನೀರು, ಗ್ಯಾಸು, ಕರೆಂಟು, ಜ್ವಾಲೆಯ ಬಣ್ಣ. ಏಣಿ ಹತ್ತಿಸಿ ಹೊಗೆಯ ಬಾಯಿಯನ್ನು ಕೈಯಿಂದ ಮುಟ್ಟಿಸಿದೆ. ಆ ಮನುಷ್ಯ ಬೆರಗಾಗಿ, "ನೀವೇನು ಇಂಜಿನಿಯರಾ ಮೇಡಂ?" ಎಂದರು. "ಇಲ್ರೀ, ಕನ್ನಡ ಟೀಚರು" ಎಂದೆ. ಗಾಡಿ ತಿರುವು ದಾಟುವವರೆಗೆ ಗಟ್ಟಿಯಾಗೇ ನಿಂತಿದ್ದೆ...

ಎದುರು ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಒಳ್ಳೆಯವರು. ಅಂಗಳದ ಆ ಜಾಗದಲ್ಲಿ ಅವರ ಬೈಕು ನಿಲ್ಲುತ್ತದೆ. ಇವತ್ತು ಬೆಳಗ್ಗೆ ಥಂಡಿ ಎಷ್ಟಿತ್ತೆಂದರೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಟೀಚರಿಗೆ ಹೇಳೋಣವೆಂದು ಗೇಟಿನವರೆಗೆ ನಡೆದುಹೋದೆ.