ದುರುಗಕ್ಕನ ತುಂಬಿದ ಕೊಡ

ಇಂಗ್ಲಿಷಿನಲ್ಲಿ ಫೇಲಾದವನಿಗೆ ಇಂಗ್ಲಿಷಿನ ಮೇಲಿರುವ ಭಕ್ತಿ ಪಾಸಾದವನಿಗೆ ಇರುವುದಿಲ್ಲ. ನಾನು ಬಿ.ಎ.ಯಲ್ಲಿ ಎರಡು ಸಲ ಫೇಲು. ಚನ್ನಗಿರಿಯ ಅಪ್ಪನ ಅಡಿಕೆ ಮಂಡಿಯಲ್ಲಿ ಕೂರಲು ಮೈ ಬಗ್ಗಲಿಲ್ಲ. ಚಳವಳಿ ಮಾಡುತ್ತೇನೆಂದು ಹೆಗಲಿಗೆ ಚೀಲ ಏರಿಸಿ ಜಗಳೂರು ಸೀಮೆಗೆ ಹೋದೆ. ಚೀಲದಲ್ಲಿ ಒಂದು ಲುಂಗಿ, ಒಂದು ನಿಘಂಟು, ಒಂದು ನೋಟುಬುಕ್ಕು.

ಆ ನೋಟುಬುಕ್ಕಿನಲ್ಲಿ ‘ಇಲ್ಲ’ಗಳನ್ನು ಕೂಡಿಹಾಕುತ್ತಿದ್ದೆ. ಸರ್ಕಾರ ನಮ್ಮ ಜನಕ್ಕೆ ಇಲ್ಲ ಅನ್ನುವುದು ಇಂಗ್ಲಿಷಿನಲ್ಲೇ ಎಂಬುದು ನನ್ನ ಮಹಾ ಸಂಶೋಧನೆ. ಸೀಮೆಎಣ್ಣೆ ಕೇಳಿದರೆ ನೋ ಸ್ಟಾಕ್. ಮೇಷ್ಟ್ರು ಬೇಕೆಂದರೆ ಪೋಸ್ಟ್ ವೇಕೆಂಟ್. ಇದ್ದ ಮೇಷ್ಟ್ರು ಅಬ್ಸೆಂಟ್. ಗೊಬ್ಬರ ಶಾರ್ಟೇಜ್. ಮಿಕ್ಕಿದ್ದೆಲ್ಲ ನಿಲ್. ಈ ಮಾತುಗಳನ್ನು ಕಲಿತು ಅವರ ಮುಖಕ್ಕೇ ತಿರುಗಿಸಿ ಹೊಡೆದರೆ ಸರ್ಕಾರ ಉರುಳುತ್ತದೆಂದು ನಂಬಿದ್ದೆ. ಉರುಳಿದವನು ನಾನು. ಉರುಳಿಸಿದವಳು ದುರುಗಕ್ಕ.

ದುರುಗಕ್ಕ ಜಗಳೂರಿನಾಚೆಯ ಒಂದು ಹಟ್ಟಿಯವಳು. ವಯಸ್ಸು ನಲವತ್ತರ ಆಸುಪಾಸು, ಶೇಂಗಾ ಕೀಳುವ ಕೂಲಿ. ಮನೆಯಲ್ಲಿ ಗಂಡ ಇದ್ದಾನೆಂಬುದು ಅವನು ಕೆಮ್ಮಿದಾಗ ಮಾತ್ರ ಗೊತ್ತಾಗುತ್ತಿತ್ತು. ಹಟ್ಟಿಯಲ್ಲಿ ಬಾವಿಯಿರಲಿಲ್ಲ. ಎರಡು ಮೈಲಿ ಆಚೆ ಹಳ್ಳದ ಮರಳಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಬೇಕು. ಅವಳ ಅರ್ಧ ಆಯುಸ್ಸು ಆ ದಾರಿಯಲ್ಲೇ ಸವೆದಿತ್ತು. ಆದರೂ ಅವಳ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಉಪ್ಪು ಮುಗಿದರೆ “ಉಪ್ಪು ತರಬೇಕು” ಅನ್ನುವಳು. ನಾನು ಉಣ್ಣಲು ಕೂತಾಗ ಮಡಕೆಯ ತಳ ಕಂಡಿದ್ದರೂ “ಇನ್ನೊಂದ್ ಮುದ್ದೆ ಇಕ್ಲೇನು ತಮ್ಮಾ?” ಅನ್ನುವಳು. ಜನರ ಹಸಿವಿನ ಬಗ್ಗೆ ಭಾಷಣ ಬಿಗಿಯುತ್ತಿದ್ದ ನಾನು ಇಕ್ಕು ಅಂದು ಉಂಡ ದಿನಗಳೂ ಉಂಟು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಬೋರು ಕೊರೆಯುವ ಲಾರಿ ತಾಲ್ಲೂಕಿಗೆ ಬಂತು. ಜೊತೆಗೆ ಅದರ ಯಂತ್ರ ನೋಡಿಕೊಳ್ಳಲು ಐಸ್‌ಲ್ಯಾಂಡ್ ಎಂಬ ದೇಶದ ಒಬ್ಬ ಬಿಳಿಯ, ಹೆಸರು ಎರ್ಲಿಂಗುರ್. ನಮ್ಮ ಜನ ಎರಡೇ ದಿನದಲ್ಲಿ ಅವನನ್ನು ಎರಲಿಂಗಪ್ಪ ಮಾಡಿದರು. ನಾನು ಸಂಜೆ ಅವನು ಇಳಿದುಕೊಂಡಿದ್ದ ಸರ್ಕಾರಿ ಬಂಗಲೆಗೆ ಹೋಗಿ ನನ್ನ ಮುರುಕು ಇಂಗ್ಲಿಷನ್ನು ಅವನ ಮೇಲೆ ಸುರಿದೆ. ಪಾಪ, ಸಜ್ಜನ. ನೋಟುಬುಕ್ಕು ಇಸಿದುಕೊಂಡು ನನ್ನ ಪಟ್ಟಿಯ ಎದುರಿಗೆ ತನ್ನ ಭಾಷೆಯ ಮಾತುಗಳನ್ನು ಬರೆದುಕೊಟ್ಟ. ಶಾರ್ಟೇಜಿಗೆ ಸ್ಕೋರ್ತುರ್. ಖಾಲಿ ಅನ್ನುವುದಕ್ಕೆ ತೋಮುರ್. ಏನೂ ಇಲ್ಲದ್ದಕ್ಕೆ ಎಕ್ಕೆರ್ತ್. ನೀರಿಲ್ಲದಿರುವುದು ವಾಟ್ಸ್‌ಲೇಸಿ, ಬಿಸಿಲಿಲ್ಲದಿರುವುದು ಸೋಲಾರ್‌ಲೇಸಿ. ಅವನ ನಾಡಿನಲ್ಲಿ ಬಿಸಿನೀರು ನೆಲದಿಂದ ತಾನಾಗಿ ಉಕ್ಕುತ್ತದಂತೆ, ಚಳಿಗಾಲದಲ್ಲಿ ಬಿಸಿಲಿಗೇ ಬರವಂತೆ.

ನಾನು ಹಟ್ಟಿಗೆ ಬಂದು ಇದನ್ನೆಲ್ಲ ಪಾರಾಯಣ ಮಾಡಿದೆ. ದುರುಗಕ್ಕ ಶೇಂಗಾ ಕಾಯಿ ಬಿಡಿಸುತ್ತಲೇ ಕೇಳಿದಳು.

“ಬಿಸ್ಲಿಗೆ ಬರಾನಾ? ಹಂಗಾರೆ ಹೋಗಾವಾಗ ನಮ್ಮ ಬಿಸ್ಲು ಎರಡು ಮೂಟೆ ಕಟ್ಕಂಡು ಹೋಗಾಕೆ ಹೇಳು. ಅಲ್ಲ ತಮ್ಮಾ, ಈ ಮಂತ್ರ ಓದಿದ್ರೆ ನೀರು ಬರ್ತೈತಾ?”

“ಓದೋ ಹಂಗೆ ಓದಿದ್ರೆ ಬರ್ತೈತೆ ದುರುಗಕ್ಕ.”

ಲಾರಿ ಸೋಮವಾರ ತಾಲ್ಲೂಕು ಬಿಡುವುದಿತ್ತು. ಉಳಿದಿದ್ದು ಒಂದೇ ಬೋರು. ಅದು ನಮ್ಮ ಹಟ್ಟಿಗೋ ಪಕ್ಕದ ಊರಿಗೋ ಎಂಬುದನ್ನು ಶುಕ್ರವಾರ ಇಂಜಿನಿಯರ್ ನಾಗರಾಜಪ್ಪ ಬಂದು ನೋಡಿ ಬರೆಯಬೇಕು. ನಾನು ಹಿಂದಿನ ದಿನವೇ ಹೆಂಗಸರನ್ನು ಕೂಡಿಸಿ ಅಪ್ಪಣೆ ಕೊಟ್ಟೆ: ಪ್ರತಿಯೊಬ್ಬರೂ ಖಾಲಿ ಕೊಡ ಹಿಡಿದು ಸಾಲಾಗಿ ನಿಲ್ಲಬೇಕು.

“ಖಾಲಿ ಕೊಡ ಹಿಡ್ಕಂಡು ಬಂದೋರಿಗೆ ಎದುರು ನಿಂದ್ರಾದಾ?” ದುರುಗಕ್ಕನ ಮುಖ ಹುಳಿ ತಿಂದಂತಾಯಿತು.

ನಾನು ಅಪಶಕುನ, ಪುರೋಹಿತಶಾಹಿ, ವೈಜ್ಞಾನಿಕ ಮನೋಭಾವ ಅಂತ ಒಂದು ಗಂಟೆ ಕೊರೆದೆ. ಆ ಲಾರಿಯೂ ಅಷ್ಟು ಕೊರೆದಿರಲಿಕ್ಕಿಲ್ಲ. ಎಲ್ಲರೂ ತಲೆ ಆಡಿಸಿದರು. ಒಪ್ಪಿದರು ಅಂದುಕೊಂಡು ಜಗಳೂರಿಗೆ ಹೋಗಿ ಮಲಗಿದೆ.

ಶುಕ್ರವಾರ ನಾಗರಾಜಪ್ಪ, ಎರಲಿಂಗಪ್ಪ ಬಂದ ಜೀಪಿನಲ್ಲೇ ನಾನೂ ಬಂದಿಳಿದೆ. ಕಂಕುಳಲ್ಲಿ ‘ವಾಟರ್ ನಿಲ್’ ಎಂದು ಬರೆದ ಹಲಗೆ. ಎದುರಿಗೆ ಇಪ್ಪತ್ತೆರಡು ಹೆಂಗಸರು. ಇಪ್ಪತ್ತೆರಡು ಕೊಡ. ಎಲ್ಲ ಕಂಠಮಟ್ಟ ತುಂಬಿವೆ, ಮೇಲೆ ತುಳುಕದಂತೆ ಬೇವಿನ ಸೊಪ್ಪು. ಬರುವ ಸಾಹೇಬರಿಗೆ ಖಾಲಿ ಕೊಡ ಕಂಡರೆ ಬರುವ ನೀರೂ ಬಾರದೆಂದು ಕೋಳಿ ಕೂಗುವ ಮೊದಲೇ ಎದ್ದು ಎರಡು ಮೈಲಿ ನಡೆದು, ತಲೆಗೊಂದು ಗುಂಡಿ ತೋಡಿ ತುಂಬಿ ತಂದಿದ್ದರು.

ನಾಗರಾಜಪ್ಪ ಒಮ್ಮೆ ಹಲಗೆ ನೋಡಿದರು, ಒಮ್ಮೆ ಕೊಡ ನೋಡಿದರು. “ಏನ್ರೀ ವಿರೂಪಾಕ್ಷಪ್ಪ, ಬೋರ್ಡಲ್ಲಿ ನಿಲ್ಲು, ಬೀದೀಲಿ ಗಂಗಮ್ಮನ ಮೆರವಣಿಗೆ! ನಿಮ್ಮ ಬೋರ್ಡಿನ ಮಾನಕ್ಕಾದ್ರೂ ಇವರು ಖಾಲಿ ಕೊಡ ತರಬಾರದಿತ್ತಾ?” ಅಂದು ಫಾರಮ್ಮಿನಲ್ಲಿ ನೀರಿನ ಕೊರತೆ ಎಂಬ ಕಾಲಮ್ಮಿಗೆ ನನ್ನದೇ ಪದವನ್ನು ಬರೆದರು: ನಿಲ್.

ನಾನು ಹಲಗೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ. ಜೀಪು ಗುರ್ ಅಂದಿತು. ಆಗ ದುರುಗಕ್ಕ ಮುಂದೆ ಬಂದಳು.

“ಬಿಸ್ಲಾಗೆ ಬಂದೀರಿ, ನೀರು ಕುಡುದು ಹೋಗ್ರಿ ಸಾಹೇಬ್ರೆ.”

ಇಂಜಿನಿಯರ್ ಒಂದು ಚೊಂಬು ಕುಡಿದರು. ಎರಲಿಂಗಪ್ಪ ಮೂರು ಚೊಂಬು ಕುಡಿದು ಮತ್ತೆರಡು ನೆತ್ತಿಗೆ ಸುರಿದುಕೊಂಡ. ದುರುಗಕ್ಕ ಅರೆಯಾದ ಕೊಡ ಎತ್ತಿಕೊಂಡು, “ಬರ್ರಿ ಹಂಗಾರೆ, ತುಂಬ್ಕಂಡು ಬರಾನ” ಅಂದಳು.

“ನಾವ್ಯಾಕಮ್ಮಾ?”

“ನೆಂಟ್ರು ಕುಡುದ ಕೊಡಾನ ಅರೆ ಮಾಡಿ ಇಡಬಾರ್ದು ಸಾಹೇಬ್ರೆ. ಅಗಾ, ಅಲ್ಲೇ ಐತೆ.”

ಭಾಷೆ ತಿಳಿಯದ ಎರಲಿಂಗಪ್ಪನಿಗೆ ಕೊಡ ಮಾತ್ರ ತಿಳಿಯಿತು. ಅವಳ ಕೈಯಿಂದ ಇಸಿದುಕೊಂಡು ಹೆಗಲಿಗಿಟ್ಟು ನಡೆದೇಬಿಟ್ಟ. ಬಿಳಿಯ ನಡೆದ ಮೇಲೆ ಇಂಜಿನಿಯರ್ ಜೀಪಿನಲ್ಲಿ ಕೂರುವುದು ಹೇಗೆ? ಬೂಟಿನಲ್ಲಿ ಮರಳು ತುಂಬಿಕೊಂಡು ಹಿಂದೆ ಬಂದರು. ಅವರ ಹಿಂದೆ ಹಲಗೆ ಹೊತ್ತ ನಾನು.

ತನ್ನ ಗುಂಡಿಯೊಳಗೆ ದುರುಗಕ್ಕ ಇಳಿದಳು. ಒಂದು ಚಿಪ್ಪು ಮೊಗೆದರೆ ಮತ್ತೆ ಒಸರುವವರೆಗೆ ಕಾಯಬೇಕು. ಆ ಅರೆಗೊಡ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಇದೇ ಸಮಯವೆಂದು ನಾನು ನೋಟುಬುಕ್ಕು ಬಿಚ್ಚಿ ಎರಲಿಂಗಪ್ಪನ ಮೂಗಿನ ಕೆಳಗೆ ಹಿಡಿದು ‘ಸ್ಕೋರ್ತುರ್’ ಅಂದೆ. ಅವನು ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಚಿಪ್ಪು ಎತ್ತಿ ನನ್ನ ಕೈಗಿಟ್ಟ. ಜನರ ನಾಯಕ ಅಂದು ಮೊದಲ ಸಲ ನೀರು ಮೊಗೆದ, ಅರ್ಧ ಚೆಲ್ಲಿದ, ಬೈಸಿಕೊಂಡ. ನಾಗರಾಜಪ್ಪ ಬಂಡೆ ಮೇಲೆ ಕೂತು ಫಾರಮ್ಮಿನಲ್ಲಿ ಗೀಟು ಹೊಡೆದು ಏನನ್ನೋ ಬರೆದರು. ನನಗೆ ತೋರಿಸಲಿಲ್ಲ.

ಭಾನುವಾರ ನಮ್ಮ ಹಟ್ಟಿಯಲ್ಲೇ ಬೋರು ಕೊರೆದು ನೂರಾ ಎಂಬತ್ತು ಅಡಿಗೆ ನೀರು ಬಿತ್ತು. ತಿಂಗಳೊಪ್ಪತ್ತಿನಲ್ಲಿ ಕೈಪಂಪು ನಿಂತಿತು.

ಅದಾದ ವಾರಕ್ಕೆ ಸವಳಂಗದಲ್ಲಿ ಮೂಢನಂಬಿಕೆ ವಿರುದ್ಧ ಒಂದು ಸಭೆಯಿತ್ತು, ನಾನೇ ಮುಖ್ಯ ಭಾಷಣಕಾರ. ದುರುಗಕ್ಕನ ಮನೆಯಿಂದ ಚೀಲ ಏರಿಸಿ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿ ಖಾಲಿ ಕೊಡ ಹಿಡಿದು ಬರುತ್ತಿದ್ದ ಅವಳು ನನ್ನನ್ನು ಕಂಡವಳೇ ಗಕ್ಕನೆ ಗೋಡೆಯ ಹಿಂದಕ್ಕೆ ಸರಿದಳು.

“ನಿಲ್ಲು ತಮ್ಮಾ, ಅಲ್ಲೇ ನಿಲ್ಲು! ತುಂಬ್ಕಂಡು ಬರ್ತೀನಿ, ಆಮ್ಯಾಲೆ ಹೋಗುವಂತೆ.”

“ಬಸ್ಸು ಹೋಗ್ತೈತೆ ದುರುಗಕ್ಕ!”

“ಹೋಗ್ಲಿ ಬಿಡು.”

ನಿಂತೆ. ಪಂಪಿನ ಕಿರ್ ಕಿರ್ ಕೇಳುತ್ತಿತ್ತು. ಹೋದ ತಿಂಗಳಾಗಿದ್ದರೆ ಮಧ್ಯಾಹ್ನದವರೆಗೆ ನಿಲ್ಲಬೇಕಿತ್ತು. ಒಂದು ಬೀಡಿ ಸೇದುವಷ್ಟರಲ್ಲಿ ಅವಳು ತುಂಬಿದ ಕೊಡ ಹೊತ್ತು ಎದುರು ಬಂದಳು. ಅಷ್ಟೊತ್ತಿಗೆ ಬಸ್ಸಿನ ಧೂಳು ಮಾತ್ರ ಉಳಿದಿತ್ತು.

“ಹೋದ್ರೆ ಹೋತು, ಬಾ. ಮುದ್ದೆ ಐತೆ, ಉಣ್ಣುವಂತೆ.”

ಹಿಂದೆಯೇ ಹೋದೆ. ಕೂರುವ ಮೊದಲು ಮಡಕೆಯ ತಳ ಇಣುಕಿ ನೋಡಿದೆ.