ಡೇರೆಗೊಂದು ಬೀಗ

ಬೀಗ ರಿಪೇರಿಯವನನ್ನು ಬೀದಿಯಲ್ಲಿ ಯಾರೂ ಅವನ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮೂರ್ಸಲದಣ್ಣ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡದೆ ಅವನು ಅಲ್ಲಿಂದ ಕದಲುವ ಪೈಕಿಯಲ್ಲ. ಮೊದಲನೇ ಸಲ ಬೀಗಕ್ಕೆ, ಎರಡನೇ ಸಲ ಚಿಲಕಕ್ಕೆ, ಮೂರನೇ ಸಲ ನನ್ನ ಸಮಾಧಾನಕ್ಕೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಒಂದು ಸ್ಟೂಲು, ಕೀ ಕೊರೆಯುವ ಒಂದು ಯಂತ್ರ, ಗೋಡೆಯ ತುಂಬ ನೇತುಬಿದ್ದ ಹಲ್ಲು ಕೊರೆಯದ ಕೀಗಳು. ಅಷ್ಟಕ್ಕೇ ಅವನು ರಾತ್ರಿ ಹಾಕುತ್ತಿದ್ದ ಬೀಗ ಬ್ಯಾಂಕಿನ ತಿಜೋರಿಗೆ ಸಾಕಾಗುವಂಥದ್ದು.

ಮನೆಯಲ್ಲಿ ಇನ್ನೂ ಒಂದು ಕೈ ಮೇಲೆ. ಮುಂಬಾಗಿಲು, ಹಿಂಬಾಗಿಲು, ಅಡುಗೆಮನೆಯ ಕಿಟಕಿ, ಎಲ್ಲವನ್ನೂ ಜಗ್ಗಿ ಮುಗಿಸಿ ಹಾಸಿಗೆಗೆ ಬಂದವನು, ಏನೋ ಅನುಮಾನ ಬಂದು ಮತ್ತೆ ಎದ್ದು ಹೋಗುವುದೂ ಉಂಟು. ಅವನ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಚಾದರ ಮಡಚಿ ಕೈ ಬಿದ್ದುಹೋದವಳಂತೆ ಬರುತ್ತಿದ್ದಳು. ಪಾಪ, ಈ ಕಟಕಟ ನಿಲ್ಲುವವರೆಗೆ ಅವಳಿಗೂ ನಿದ್ದೆಯಿಲ್ಲ.

ಇದಕ್ಕೆ ಕಾರಣ ಇಲ್ಲದೇ ಇರಲಿಲ್ಲ. ಮದುವೆಯಾದ ಹೊಸತರಲ್ಲಿ, ಅವಳ ಅಕ್ಕನಿಗೆ ಹೆರಿಗೆಯಾಯಿತೆಂದು ಇಬ್ಬರೂ ಮಗು ನೋಡಲು ಹೋಗಿ ಒಂದು ರಾತ್ರಿ ಅಲ್ಲೇ ಉಳಿದಿದ್ದರು. ಬೆಳಿಗ್ಗೆ ಬಂದು ನೋಡಿದರೆ ಮುಂಬಾಗಿಲ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಅವನೇ ಕೈಯಾರೆ ಮಾಡಿದ ಬೀಗ, ಒಂದು ಗೀರೂ ಬಿದ್ದಿರಲಿಲ್ಲ. ಕಳ್ಳ ಹಿಂದುಗಡೆ ಚಿಲಕ ಹಾಕದೆ ಬಿಟ್ಟಿದ್ದ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು, ಅವಳಿಗೆ ತಾಯಿ ಕೊಟ್ಟಿದ್ದ ಎರಡು ಚಿನ್ನದ ಬಳೆ ಎತ್ತಿಕೊಂಡು, ಬಂದ ದಾರಿಯಲ್ಲೇ ಹೋಗಿದ್ದ. ಬೀಗದವನ ಮನೆಗೇ ಕನ್ನ ಬಿತ್ತೆಂದು ಬೀದಿಯವರೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಅವತ್ತಿನಿಂದ ಅವನು ಒಂದು ರಾತ್ರಿಯನ್ನೂ ಹೊರಗೆ ಕಳೆದವನಲ್ಲ. ನೆಂಟರ ಮನೆಯಲ್ಲಿ ಊಟ ಮಾಡಿ ಕೈ ತೊಳೆಯುವ ಹೊತ್ತಿಗೆ ಅವನಿಗೆ ಕೊನೆಯ ಬಸ್ಸಿನ ನೆನಪಾಗುತ್ತಿತ್ತು. ಅವನು ಎದ್ದನೆಂದರೆ ಅವಳೂ ತುಟಿಪಿಟಿಕ್ಕೆನ್ನದೆ ಏಳುತ್ತಿದ್ದಳು. ಆ ಮೌನವನ್ನು ಈ ಜಾಣ ಒಪ್ಪಿಗೆ ಎಂದುಕೊಂಡಿದ್ದ.

ಲಾಂಡ್ರಿಯ ಹೆಂಗಸರು ವರ್ಷಕ್ಕೊಮ್ಮೆ ಸಂಸಾರ ಸಮೇತ ಹೊರಟು, ಕೆರೆಯ ದಡದಲ್ಲಿ ಡೇರೆ ಹಾಕಿಕೊಂಡು ಇದ್ದು ಬರುತ್ತಿದ್ದರು. ಬಂದ ಮೇಲೆ ತಿಂಗಳುಗಟ್ಟಲೆ ಅದೇ ಮಾತು. ಯಾರ ಗಂಡ ಗೊರಕೆ ಹೊಡೆದು ಕಪ್ಪೆಗಳನ್ನು ಓಡಿಸಿದ, ಯಾರ ಚಪ್ಪಲಿ ನೀರಿನಲ್ಲಿ ತೇಲಿಹೋಯಿತು, ಹೀಗೆ. ಚಾದರದ ಆ ತುದಿ ಹಿಡಿದ ಜೊತೆಗಾತಿ ಹೇಳುವುದು, ಈ ತುದಿ ಹಿಡಿದ ಇವಳು ಕೇಳುವುದು. ಕೇಳಿ ಕೇಳಿ ಸಾಕಾಗಿ ಈ ಸಲ ತಾನೂ ಬರುತ್ತೇನೆಂದು ಹೇಳಿಬಿಟ್ಟಳು. ಜೊತೆಗಾತಿಯ ಹಳೆಯ ಡೇರೆಯನ್ನು ಕೇಳಿ ತಂದು ಗಂಡನ ಮುಂದೆ ದೊಪ್ಪನೆ ಇಟ್ಟಳು.

ಅವನು ನೆಪಗಳ ಗಂಟು ಬಿಚ್ಚಿದ. ಸೊಂಟ ನೋವು, ಹಾವು, ಇಬ್ಬನಿ, ಆ ದಿನವೇ ಬರುತ್ತೇನೆಂದ ಗಿರಾಕಿ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು.

“ನೀವು ಬಂದ್ರೆ ಇಬ್ರೂ ಹೋಗೋಣ. ಬರದೇ ಇದ್ರೆ ನಾನೊಬ್ಳೇ ಹೋಗ್ತೀನಿ. ಹೋಗೋದಂತೂ ಹೋಗ್ತೀನಿ.”

ದನಿ ಏರಿಸಲಿಲ್ಲ, ಅದೇ ಅವನಿಗೆ ದಿಗಿಲಾದದ್ದು. ಮನೆ ಕಾಯುತ್ತ ಕೂತರೆ ಹೆಂಡತಿ ಬಯಲಲ್ಲಿ ಒಬ್ಬಳೇ. ಹೆಂಡತಿಯ ಜೊತೆ ಹೋದರೆ ಮನೆ ಒಂಟಿ. ಇವೆರಡಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ಇವಳು ಒಬ್ಬಳೇ ಹೋಗಿ ಸುಖವಾಗಿ ಇದ್ದು ಬಂದುಬಿಟ್ಟರೆ ಮುಂದಿನ ಸಲ ತನ್ನನ್ನು ಕರೆಯುವುದೇ ಇಲ್ಲವೇನೋ. ಅವನು ಡೇರೆಯ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಇದಕ್ಕೆ ಚಿಲಕ ಎಲ್ಲಿ ಎಂದು ಕೇಳಿದ. ಜಿಪ್ ಇದೆ ಎಂದಳು. ಜಿಪ್ ಪ್ಯಾಂಟಿಗೆ ಸರಿ, ಮನೆಗಲ್ಲ ಎಂದ. ಕೊನೆಗೆ, ತಾನೇ ಒಂದು ಬೀಗ ಮಾಡಿ ಹಾಕುವುದಾದರೆ ಬರುತ್ತೇನೆಂದು ಒಪ್ಪಿಕೊಂಡ. ಅವಳು ನಗು ತಡೆದುಕೊಂಡು ಹೂಂ ಅಂದಳು.

ಒಪ್ಪಿಕೊಂಡ ಮೇಲೆ ಕೇಳಬೇಕೆ, ಇವನದೇ ಕಾರುಬಾರು. ಎರಡು ಟಾರ್ಚು, ಟಾರ್ಚು ಕೆಟ್ಟರೆ ಮೇಣದಬತ್ತಿ, ಒಂದು ಸೀಟಿ, ಮನೆಯನ್ನೇ ಕಟ್ಟಿ ಎಳೆಯಬಹುದಾದಷ್ಟು ಹಗ್ಗ. ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿ, ಜಿಪ್ಪಿನ ಎರಡು ಹಿಡಿಗಳನ್ನೂ ಸೇರಿಸಿ ಹಿಡಿಯುವಂಥ ಪುಟ್ಟ ಹಿತ್ತಾಳೆ ಬೀಗವೊಂದನ್ನು ತಯಾರು ಮಾಡಿದ. ಹೆಬ್ಬೆರಳಿನ ಉಗುರಿನಷ್ಟೇ ಇದ್ದರೂ ಗಟ್ಟಿ ಆಸಾಮಿ. ನೋಡಿದವರೆಲ್ಲ ಮೆಚ್ಚಿದರು. ಹೆಂಡತಿ ಮಾತ್ರ, ಕಳ್ಳನ ಹತ್ತಿರ ಕತ್ತರಿ ಇದ್ದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಡುವುದಕ್ಕೆ ಹಿಂದಿನ ಭಾನುವಾರ ತಾಲೀಮು. ಡೇರೆಯ ಕಡ್ಡಿಗಳೆಲ್ಲ ಸರಿಯಿವೆಯೇ ಎಂದು ಒಮ್ಮೆ ಹಾಕಿ ನೋಡಿ ಅಂದಿದ್ದಳು ಜೊತೆಗಾತಿ. ಕುರ್ಚಿಗಳನ್ನು ಮಂಚದ ಮೇಲೆ ಪೇರಿಸಿ, ನಡುಮನೆಯಲ್ಲೇ ಡೇರೆ ಹಾಕಿದರು. ಅದರ ಮುಂಭಾಗ ಬೀದಿ ಬಾಗಿಲ ಕಡೆ, ಬೆನ್ನು ಅಡುಗೆಮನೆಯ ಕಡೆ. ಅದು ಗೋಡೆಯಿಂದ ಗೋಡೆಗೆ ತುಂಬಿಕೊಂಡು, ಆ ಕಡೆ ಹೋಗಲು ಜಾಗವೇ ಉಳಿಯಲಿಲ್ಲ. ಅವಳು ಒಳಗೆ ತೂರಿಕೊಂಡು ಕಾಲು ಚಾಚಿ, ಎಷ್ಟು ಹಾಯಾಗಿದೆ ನೋಡಿ ಎಂದಳು. ಅವನು ಹೊರಗಿನಿಂದ ಬೀಗ ಹೇಗೆ ಕೂರುತ್ತದೆಂದು ನೋಡಲು ಜಿಪ್ ಎಳೆದು, ಹಿತ್ತಾಳೆ ಬೀಗ ಹಾಕಿ, ಮೂರು ಸಲ ಜಗ್ಗಿದ. ಅಷ್ಟರಲ್ಲಿ ಫೋನ್ ಬಂತು. ಪಕ್ಕದ ಬಡಾವಣೆಯ ಹಲ್ಲಿನ ಡಾಕ್ಟರಮ್ಮ ಕಸ ಚೆಲ್ಲಲು ಹೊರಗೆ ಬಂದಿದ್ದರಂತೆ, ಬಾಗಿಲು ಹಿಂದೆಯೇ ಮುಚ್ಚಿಕೊಂಡಿತಂತೆ, ಒಲೆಯ ಮೇಲೆ ಹಾಲಿದೆಯಂತೆ.

ಬೀಗ ಹಾಕಿ ಮೂರು ಸಲ ಜಗ್ಗಿದ ಮೇಲೆ ಅವನ ಕಾಲುಗಳಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಹೊರಡುವುದು. ಕೀ ಜೇಬಿಗೆ ಹೋಯಿತು, ಚೀಲ ಹೆಗಲಿಗೇರಿತು. ಬೀದಿ ಬಾಗಿಲಿಗೂ ಬೀಗ ಬಿತ್ತು, ಅಲ್ಲೂ ಮೂರು ಸಲ ಆಯಿತು. ಒಳಗಿನಿಂದ ಹೆಂಡತಿ ಏನೋ ಕೂಗಿದಂತಿತ್ತು. ಬೇಗ ಬನ್ನಿ ಅಂದಿರಬೇಕು ಎಂದುಕೊಂಡು ನಡೆದ.

ಡಾಕ್ಟರಮ್ಮನ ಬಾಗಿಲನ್ನು ಅವನು ಹಾಲು ಉಕ್ಕುವ ಮೊದಲೇ ತೆರೆದ. ಹಳೇ ಬೀಗ ಬಿಚ್ಚಿ ಹೊಸದನ್ನು ಕೂರಿಸಿ ಎಂದರು, ಅದನ್ನೂ ಮಾಡಿದ. ಆಕೆಗೆ ಎಲ್ಲಿಲ್ಲದ ಖುಷಿ.

“ನಿಮ್ಮ ಮನೆಯವರು ಅದೃಷ್ಟವಂತರು ಬಿಡಿ. ಬಾಗಿಲು ಹಾಕ್ಕೊಂಡು ಒದ್ದಾಡೋ ಕಷ್ಟ ಅವರಿಗೆ ಯಾವತ್ತೂ ಬರಲ್ಲ.”

ಮೂರ್ಸಲದಣ್ಣ ಹಿಗ್ಗಿ ಹೀರೇಕಾಯಿಯಾಗಿ ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದ. ಬೆರಳಿಗೆ ಸಿಕ್ಕಿದ್ದು ಹಿತ್ತಾಳೆಯ ಪುಟ್ಟ ಕೀ.

ಅವನು ಹಾಗೆ ಓಡಿದ್ದನ್ನು ಬೀದಿ ಯಾವತ್ತೂ ನೋಡಿರಲಿಲ್ಲ. ಹೆಗಲ ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ. ಮನೆ ಬಾಗಿಲಿಗೆ ಬಂದರೆ ಕೀ ತೂತಿಗೇ ಹೋಗಲೊಲ್ಲದು. ಊರಿನ ಬಾಗಿಲೆಲ್ಲ ತೆರೆಯುವವನಿಗೆ ತನ್ನ ಬಾಗಿಲು ತೆರೆಯಲು ಪಕ್ಕದ ಮನೆಯ ಪೇಪರ್ ಹಾಕುವಾತ ಬಂದು ಕೈ ಹಿಡಿಯಬೇಕಾಯಿತು. ಒಳಗೆ ಡೇರೆಯ ಮೇಲೆ ಬೀಗ ಹಾಗೇ ತೂಗುತ್ತಿತ್ತು. ಕರೆದರೆ ಉತ್ತರವಿಲ್ಲ. ಹೇಗೋ ಬೀಗ ತೆಗೆದು ಜಿಪ್ ಸರಿಸಿ ನೋಡಿದರೆ ಹೊದಿಕೆ ಇದೆ, ದಿಂಬಿದೆ, ಹೆಂಡತಿ ಇಲ್ಲ. ಅವನು ಹೊದಿಕೆಯನ್ನೇ ಎತ್ತಿ ಕೊಡವಿದ.

“ಇಲ್ಲಿದೀನಿ ರೀ. ಟೀ ಆರ್ತಾ ಇದೆ.”

ದನಿ ಡೇರೆಯ ಆಚೆಯಿಂದ ಬಂದಿತ್ತು. ಡೇರೆಯ ಬೆನ್ನು ಸರ್ರನೆ ತೆರೆದುಕೊಂಡಿತು. ಅಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಎರಡು ಲೋಟ ಟೀ ಇಟ್ಟುಕೊಂಡು ಅವಳು ಕೂತಿದ್ದಳು. ಡೇರೆಗೆ ಹಿಂದೆಯೂ ಒಂದು ಬಾಗಿಲಿತ್ತು. ಆ ಕಡೆಗೆ ಅವನು ಕಣ್ಣೇ ಹಾಯಿಸಿರಲಿಲ್ಲ. ಅವಳಂತೂ ಒಂದು ನಿದ್ದೆ ತೆಗೆದು, ಎದ್ದು, ಹಿಂದಿನಿಂದ ಹೊರಬಂದು, ಪಾತ್ರೆ ತೊಳೆದು, ಟೀ ಮಾಡಿ ಮುಗಿಸಿದ್ದಳು.

ಅವನು ಡೇರೆಯೊಳಗೇ ಕುಸಿದು ಕೂತ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಅವತ್ತೂ ಹಿಂದ್ಗಡೆ ನೋಡ್ಲಿಲ್ಲ ನಾನು,” ಎಂದ. ಇಷ್ಟು ವರ್ಷಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

“ಗೊತ್ತು. ಹೋಗಿದ್ದು ನನ್ನ ಬಳೆ ಕಣ್ರೀ. ನಾನು ಒಂದು ವಾರ ಅತ್ತು ಮರೆತೆ, ನೀವು ಇನ್ನೂ ಕಾಯ್ತಾನೇ ಇದೀರಿ.” ಅವಳು ಟೀ ಲೋಟವನ್ನು ಅವನ ಕೈಗೆ ಕೊಟ್ಟಳು. “ಕಳ್ಳ ಎರಡು ಬಳೆ ತಗೊಂಡು ಹೋದ, ಅಷ್ಟೇ. ಆಮೇಲೆ ಅಕ್ಕನ ಜೊತೆ ಇನ್ನೊಂದು ರಾತ್ರಿಯಾದ್ರೂ ಮಾತಾಡ್ತಾ ಮಲಗೋದಿತ್ತು ನೋಡಿ, ಅದನ್ನ ತಗೊಂಡಿದ್ದು ನಿಮ್ಮ ಬೀಗ.”

ಟೀ ಆರಿತ್ತು, ಆದರೂ ಅವನು ಪೂರ್ತಿ ಕುಡಿದ. ಆಮೇಲೆ ಅವಳ ಪಕ್ಕ ಕಾಲು ಚಾಚಿ, ಬೀದಿ ಬಾಗಿಲೂ ಡೇರೆಯ ಎರಡೂ ಬಾಗಿಲೂ ತೆರೆದಿದ್ದಂತೆಯೇ, ಬೀದಿಯಲ್ಲಿ ಹೋಗಿ ಬರುವವರೆಲ್ಲ ಇಣುಕುತ್ತಿದ್ದರೂ, ಸಂಜೆಯವರೆಗೆ ಮಲಗಿದ.

ಹೊರಡುವ ದಿನ ಚೀಲಗಳನ್ನು ಕಟ್ಟುವಾಗ ಹೆಂಡತಿಗೆ ಹಿತ್ತಾಳೆ ಬೀಗ ಕಾಣಿಸಲಿಲ್ಲ. ಅದು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಏಕೆಂದು ಕೇಳಿದ್ದಕ್ಕೆ, ಆ ಡೇರೆಗೆ ಎರಡು ಬಾಗಿಲು, ಎರಡನೇ ಬೀಗ ಮಾಡಲು ಪುರುಸೊತ್ತಾಗಲಿಲ್ಲ ಎಂದು ಗಂಭೀರವಾಗಿ ಹೇಳಿದ.

ಲಾಂಡ್ರಿಯವರ ವ್ಯಾನು ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಅವನು ಮುಂಬಾಗಿಲಿಗೆ ಬೀಗ ಹಾಕಿ ಒಮ್ಮೆ ಜಗ್ಗಿದ, ಇನ್ನೊಮ್ಮೆ ಜಗ್ಗಿದ. ಮೂರನೆಯದಕ್ಕೆ ಕೈ ಮುಂದಾಯಿತು, ಅಲ್ಲೇ ನಿಂತಿತು. ಹೆಂಡತಿ ಚೀಲ ಹಿಡಿದು ನೋಡುತ್ತಿದ್ದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಕೀ ಗೊಂಚಲನ್ನು ಅವಳ ಅಂಗೈಯಲ್ಲಿಟ್ಟು ಮೆಟ್ಟಿಲಿಳಿದ.

ಪೇಪರ್ ಹಾಕುವಾತ ತನ್ನ ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದ. “ಮೂರ್ಸಲದಣ್ಣ, ಇನ್ನೊಂದು ಸಲ ಬಾಕಿ ಇದೆಯಲ್ಲ” ಎಂದ.

“ಇರಲಿ ಬಿಡಪ್ಪ, ಅದನ್ನ ಬಂದ ಮೇಲೆ ಜಗ್ತೀನಿ,” ಎಂದು ಅವನು ವ್ಯಾನು ಹತ್ತಿದ.